ಮನೆಯ ಶೀತಪೆಟ್ಟಿಗೆಯ ರೋಗಗಳೂ ಅವುಗಳ ಉಪಚಾರವೂ

ಶಿವರಾತ್ರಿ ಕಳೆದು ಹೋಳಿಹುಣ್ಣಿಮೆ ಸಮೀಪಿಸಿತೆಂದರೆ ನಮ್ಮ ಕೊಪ್ಪಳ ಸೀಮೆಯಲ್ಲಿ ಬಿಸಿಲು ತನ್ನ ನಿಜರೂಪವನ್ನು ತೋರಿಸಹತ್ತುವುದು. ಕೋಟೆಗುಡ್ಡದ ಬಂಡೆಗಳು ಹಗಲೆಲ್ಲ ಕಾಯ್ದು, ರಾತ್ರಿಯೂ ಕಾವನ್ನು ಸೂಸುತ್ತಿರುವುವು. ಕುಷ್ಟಗಿ, ಯಲಬುರ್ಗಾ ಕಡೆಯ ಬಯಲಿನ ಮಾತನ್ನಂತೂ ಹೇಳುವುದೇ ಬೇಡ. ತುಂಗಭದ್ರೆಯ ಕಾಲುವೆಯ ನೀರುಂಡು ಹಸುರಾಗಿರುವ ಗಂಗಾವತಿಯ ಭತ್ತದ ನಾಡಿನಲ್ಲಿಯೂ ವೈಶಾಖದ ಕುದಿಯು ಯಾರನ್ನೂ ಬಿಡದು. ಇಂಥ ಕಾಲದಲ್ಲಿ ಬೆಳಿಗ್ಗೆ ಕಾಯಿಸಿಟ್ಟ ಹಾಲು ಸಂಜೆಯ ವರೆಗೆ ನಿಲ್ಲುವುದು ಕಷ್ಟ. ರಾತ್ರಿಯ ಸಾರು ಬೆಳಗಾಗುವುದರೊಳಗೆ ಹಳಸುವುದು. ಆದುದರಿಂದ ಜನರು ಫ್ರಿಜ್ಜೆಂದು ಕರೆಯುವ ಶೀತಪೆಟ್ಟಿಗೆಯು ಈಗ ಶ್ರೀಮಂತರ ಪಡಸಾಲೆಯ ಅಲಂಕಾರವಾಗಿ ಉಳಿದಿಲ್ಲ. ನೌಕರರ ಮನೆಗಳಲ್ಲಿಯೂ ಒಕ್ಕಲಿಗರ ಮನೆಗಳಲ್ಲಿಯೂ ಸಣ್ಣ ಕಿರಾಣಿ ಅಂಗಡಿಗಳಲ್ಲಿಯೂ ಅದು ನೆಲೆಯೂರಿದೆ.

ಮಂಜುಗಡ್ಡೆಯು ಒಂದು ಕಾಲಕ್ಕೆ ಈ ದೇಶದಲ್ಲಿ ಎಷ್ಟು ದುರ್ಲಭವಾಗಿದ್ದಿತೆಂಬುದನ್ನು ನೆನೆದರೆ ಆಶ್ಚರ್ಯವಾಗುವುದು. ೧೮೩೩ರಲ್ಲಿ ಅಮೆರಿಕದ ಬಾಸ್ಟನ್ ಪಟ್ಟಣದ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿಯು ತನ್ನ ನಾಡಿನ ಕೆರೆಗಳಲ್ಲಿ ಹೆಪ್ಪುಗಟ್ಟಿದ ನೀರನ್ನು ಕೊರೆಯಿಸಿ, ಹಡಗಿನಲ್ಲಿ ತುಂಬಿ ಕಲಕತ್ತೆಗೆ ಕಳಿಸಿದನು. ಸುಮಾರು ನಾಲ್ಕು ತಿಂಗಳ ಪ್ರಯಾಣದಲ್ಲಿ ಒಂದು ಭಾಗ ಕರಗಿಹೋದರೂ ಉಳಿದುದನ್ನು ಜನರು ಬೆರಗಿನಿಂದ ಕೊಂಡರು. ಹೀಗೆ ಬಂದ ಗಡ್ಡೆಗಳನ್ನು ಕೂಡಿಡಲು ೧೮೪೨ರಲ್ಲಿ ಮದ್ರಾಸಿನ ಕಡಲತೀರದಲ್ಲಿ ಕಟ್ಟಿಸಿದ ಐಸ್ ಹೌಸ್ ಇಂದಿಗೂ ನಿಂತಿದೆ. ೧೮೯೭ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದುದರಿಂದ ಈಗ ಅದು ಅವರ ಹೆಸರಿನಿಂದ ಪ್ರಸಿದ್ಧವಾಗಿದೆ. ಭಾರತದಲ್ಲಿಯೇ ತಯಾರಾದ ಮನೆಬಳಕೆಯ ಫ್ರಿಜ್ಜನ್ನು ಗೋದ್ರೆಜ್ ಕಂಪನಿಯು ೧೯೫೮ರಲ್ಲಿ ಹೊರತಂದಿತು. ಹಡಗಿನಲ್ಲಿ ಬರುತ್ತಿದ್ದ ಸೋಜಿಗವು ಹೀಗೆ ಅಡಿಗೆಮನೆಯ ಮೂಲೆಗೆ ಬಂದು ನಿಂತಿತು.

ಆದರೆ ನಾವು ಈ ಪೆಟ್ಟಿಗೆಯನ್ನು ಮನೆಗೆ ತಂದೆವೇ ಹೊರತು ಅದರ ಸ್ವಭಾವವನ್ನು ಅರಿತುಕೊಳ್ಳಲಿಲ್ಲ. ಒಲೆ ಏಕೆ ಹೊಗೆಯುಗುಳುವುದೆಂಬುದು ನಮ್ಮ ಹೆಣ್ಣುಮಕ್ಕಳಿಗೆ ಗೊತ್ತು. ಮೊಸರಿನ ಹೆಪ್ಪು ಏಕೆ ಕೆಟ್ಟಿತೆಂಬುದು ಗೊತ್ತು. ಫ್ರಿಜ್ಜು ಏಕೆ ನಿಂತಿತೆಂಬುದು ಮಾತ್ರ ಗೊತ್ತಿಲ್ಲ. ಈ ಅಜ್ಞಾನಕ್ಕೆ ನಾವು ತೆತ್ತ ಬೆಲೆಯನ್ನು ಮೊದಲು ನಿವೇದಿಸಿ, ಬಳಿಕ ಕಲಿತ ಪಾಠವನ್ನು ವಾಚಕರ ಮುಂದಿಡುವೆವು.

ನಮ್ಮ ಮನೆಯ ಪ್ರಸಂಗ

ಕೆಲವು ವರುಷಗಳ ಹಿಂದಿನ ಬೇಸಗೆಯ ಮಾತು. ಕೊಪ್ಪಳದ ನಮ್ಮ ಮನೆಯ ಫ್ರಿಜ್ಜಿನ ತಂಪು ದಿನದಿನಕ್ಕೆ ಕುಗ್ಗಹತ್ತಿತು. ಬಂದ ರಿಪೇರಿಯವನು ಹಿಂಬದಿಯನ್ನು ಮುಟ್ಟಿ ನೋಡಿ, “ಗ್ಯಾಸ್ ಖಾಲಿ ಆಗೇತ್ರಿ, ತುಂಬಿದ್ರ ಮುಗೀತು” ಎಂದನು. ತುಂಬಿದನು; ಹಣ ತೆಗೆದುಕೊಂಡು ಹೋದನು. ಮೂರು ವಾರ ಫ್ರೀಜರಿನಲ್ಲಿ ಗಡ್ಡೆ ಕಟ್ಟಿತು. ನಾಲ್ಕನೆಯ ವಾರ ಮತ್ತೆ ಮೊದಲಿನ ಪಾಡು. ಅವನು ಮತ್ತೊಮ್ಮೆ ಬಂದನು, ಮತ್ತೊಮ್ಮೆ ತುಂಬಿದನು, ನಾವು ಮತ್ತೊಮ್ಮೆ ಹಣ ಕೊಟ್ಟೆವು.

ಹಣದ ನಷ್ಟವಷ್ಟೇ ಆಗಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲ. ನಮ್ಮ ತಾಯಿಯವರಿಗೆ ಬಹುದಿನಗಳಿಂದ ಸಕ್ಕರೆ ಕಾಯಿಲೆ. ಅವರ ಇನ್ಸುಲಿನ್ ಸೀಸೆಗಳನ್ನು ಆ ಪೆಟ್ಟಿಗೆಯಲ್ಲಿಯೇ ಇಡುತ್ತಿದ್ದೆವು. ಬಾಗಿಲು ತೆರೆದರೆ ದೀಪ ಹತ್ತುತ್ತಿದ್ದಿತು, ಯಂತ್ರವು ಗುಂಯ್‌ಗುಡುತ್ತಿದ್ದಿತು. ಆದುದರಿಂದ ಒಳಗೆ ಎಲ್ಲವೂ ಕ್ಷೇಮವೆಂದು ನಂಬಿದ್ದೆವು. ಆ ತಿಂಗಳು ತಾಯಿಯವರ ರಕ್ತದ ಸಕ್ಕರೆ ಏರಿತು. ಪಥ್ಯದಲ್ಲಿ ತಪ್ಪಿರಲಿಲ್ಲ, ಸೂಜಿಮದ್ದೂ ತಪ್ಪಿರಲಿಲ್ಲ. ವೈದ್ಯರು ಎಲ್ಲವನ್ನೂ ವಿಚಾರಿಸಿ, ಕೊನೆಗೆ, “ಔಷಧಿಯನ್ನು ಎಲ್ಲಿ ಇಡುವಿರಿ?” ಎಂದು ಕೇಳಿದರು. ಆಗ ನಮ್ಮ ಕಣ್ಣು ತೆರೆಯಿತು. ಬೆಚ್ಚಗಾದ ಪೆಟ್ಟಿಗೆಯಲ್ಲಿ ದಿನಗಟ್ಟಲೆ ಕುಳಿತ ಮದ್ದು ತನ್ನ ಸತ್ತ್ವವನ್ನು ಕಳೆದುಕೊಂಡಿದ್ದಿತು. ಆ ಸೀಸೆಗಳನ್ನು ಚೆಲ್ಲಿ ಹೊಸವನ್ನು ತಂದ ಮೇಲೆಯೇ ಅವರ ಆರೋಗ್ಯ ಹಾದಿಗೆ ಬಂದಿತು.

ಮೂರನೆಯ ಸಲ ರಿಪೇರಿಯವನು ಸಿಲಿಂಡರು ಹೊತ್ತು ಬಂದಾಗ, ಅಕ್ಷರ ಬಾರದ ನಮ್ಮ ತಾಯಿಯವರು ಕುಳಿತಲ್ಲಿಂದಲೇ ಕೇಳಿದರು: “ಹರವ್ಯಾಗಿನ ನೀರು ಆರತಾವ, ಅದಕ್ಕ ದಿನಾ ತುಂಬತೇವಿ. ಈ ಪೆಟಗ್ಯಾಗಿನ ಗ್ಯಾಸ್ ಎಲ್ಲಿಗೆ ಹೋಗತೈತೋ ತಮ್ಮಾ?” ಅವನಲ್ಲಿ ಉತ್ತರವಿರಲಿಲ್ಲ. ಅವನನ್ನು ಕಳಿಸಿಕೊಟ್ಟು, ಗಂಗಾವತಿಯ ಕಡೆಯ ಒಬ್ಬ ಹಿರಿಯ ಮೆಕ್ಯಾನಿಕರನ್ನು ಕರೆಯಿಸಿದೆವು. ತಾಯಿಯವರ ಪ್ರಶ್ನೆಯನ್ನು ಕೇಳಿ ಅವರು ನಕ್ಕು, “ಅವ್ವಾರು ಖರೆ ಕೇಳ್ಯಾರ್ರಿ. ಅದು ಎಲ್ಲಿಗೂ ಹೋಗಬಾರದು. ಹೋಗೇತಿ ಅಂದ್ರ ಎಲ್ಲೋ ತೂತು ಐತಿ ಅಂತನ ಅರ್ಥ” ಎಂದರು. ಬಳಿಕ ಸಾಬೂನಿನ ನೊರೆಯನ್ನು ಹಚ್ಚುತ್ತ ಒಂದೊಂದೇ ಕೊಳವೆಯನ್ನು ಪರೀಕ್ಷಿಸಿದರು. ಫ್ರೀಜರಿನ ತಗಡಿನ ಒಂದೆಡೆ ಸಾಸಿವೆಕಾಳಿನಷ್ಟು ಗುಳ್ಳೆಯು ಉಬ್ಬಿತು, ಒಡೆಯಿತು, ಮತ್ತೆ ಉಬ್ಬಿತು. ಆ ಸ್ಥಳದಲ್ಲಿ ಉದ್ದನೆಯ ಒಂದು ಗೀರು ಇದ್ದಿತು. ಗಟ್ಟಿಯಾದ ಮಂಜನ್ನು ಕೆತ್ತಲು ನಾವೇ ಚಾಕುವನ್ನು ಆಡಿಸಿದ ಗುರುತು ಅದು! ಮೊದಲಿನವನ ತಪ್ಪು ತೂತನ್ನು ಹುಡುಕದೆ ಇದ್ದುದು. ತೂತನ್ನು ಮಾಡಿದ ತಪ್ಪು ನಮ್ಮದೇ.

ಹರವಿಯ ನ್ಯಾಯ

ತಾಯಿಯವರ ಮಾತಿನಲ್ಲಿಯೇ ಫ್ರಿಜ್ಜಿನ ಶಾಸ್ತ್ರವೆಲ್ಲ ಅಡಗಿದೆ. ಮಣ್ಣಿನ ಹರವಿಯ ಮೈಯಿಂದ ನೀರು ಜಿನುಗಿ, ಗಾಳಿಗೆ ಆರುವುದು. ಆರುವ ನೀರು ಆವಿಯಾಗಲು ಬೇಕಾದ ಶಾಖವನ್ನು ಹರವಿಯಿಂದಲೇ ಎಳೆದುಕೊಳ್ಳುವುದು. ಆದುದರಿಂದ ಒಳಗಿನ ನೀರು ತಣ್ಣಗಾಗುವುದು. ಫ್ರಿಜ್ಜಿನಲ್ಲಿ ನಡೆಯುವುದೂ ಇದೇ. ಫ್ರೀಜರಿನ ಸುತ್ತಲಿನ ಸಣ್ಣ ಕೊಳವೆಗಳಲ್ಲಿ, ಬಹು ಕಡಿಮೆ ಉಷ್ಣತೆಯಲ್ಲಿಯೇ ಕುದಿಯುವ ಒಂದು ದ್ರವವು ಆವಿಯಾಗುತ್ತ ಒಳಗಿನ ಶಾಖವನ್ನು ಹೀರಿಕೊಳ್ಳುವುದು. ಕೆಳಗಡೆ ಕುಳಿತಿರುವ ಕಂಪ್ರೆಸರ್ ಎಂಬ ಯಂತ್ರವು ಆ ಆವಿಯನ್ನು ಎಳೆದು ಒತ್ತಿ, ಹಿಂಬದಿಯ ಅಥವಾ ಪಕ್ಕದ ಕೊಳವೆಗಳಿಗೆ ನೂಕುವುದು. ಅಲ್ಲಿ ಅದು ತನ್ನ ಶಾಖವನ್ನು ಹೊರಗಿನ ಗಾಳಿಗೆ ಬಿಟ್ಟುಕೊಟ್ಟು, ಮತ್ತೆ ದ್ರವವಾಗಿ, ಕೂದಲಿನಂಥ ಸಣ್ಣ ನಳಿಗೆಯ ಮೂಲಕ ಫ್ರೀಜರಿಗೆ ಮರಳುವುದು.

ಎರಡಕ್ಕೂ ಇರುವ ಭೇದವು ಒಂದೇ. ಹರವಿಯ ನೀರು ಗಾಳಿಗೆ ಹೋದುದು ಹೋಯಿತು. ಫ್ರಿಜ್ಜಿನ ಗ್ಯಾಸು ಮುಚ್ಚಿದ ದಾರಿಯಲ್ಲಿ ಗಾಣದ ಎತ್ತಿನಂತೆ ಸುತ್ತುತ್ತಲೇ ಇರುವುದು. ಅದು ಉರಿದುಹೋಗುವ ಎಣ್ಣೆಯಲ್ಲ, ಸವೆಯುವ ಸಾಮಾನಲ್ಲ. ಕೊಳವೆಗಳು ಗಟ್ಟಿಯಾಗಿದ್ದರೆ ಯಂತ್ರದ ಆಯುಷ್ಯ ಮುಗಿಯುವ ವರೆಗೂ ಅದೇ ಗ್ಯಾಸು ಸಾಕು. ಇಂದಿನ ಬಹಳಷ್ಟು ಫ್ರಿಜ್ಜುಗಳಲ್ಲಿರುವ ಐಸೊಬ್ಯುಟೇನ್ ಗ್ಯಾಸಿನ ಪ್ರಮಾಣವು ಸುಮಾರು ೫೦ ಗ್ರಾಮಿನ ಆಸುಪಾಸು. ಅಷ್ಟರಲ್ಲಿಯೇ ವರುಷಗಟ್ಟಲೆ ಕೆಲಸ ನಡೆಯುವುದು. ಆದುದರಿಂದ “ಗ್ಯಾಸ್ ಮುಗಿದಿದೆ” ಎಂದು ಯಾರಾದರೂ ಹೇಳಿದರೆ ಗೃಹಿಣಿಯು ಮೊದಲು ಕೇಳತಕ್ಕ ಪ್ರಶ್ನೆ ಒಂದೇ: “ಎಲ್ಲಿ ಸೋರಿದೆ, ತೋರಿಸಿರಿ.”

ರೋಗಲಕ್ಷಣಗಳು

ಎಲ್ಲ ದೋಷವೂ ಗ್ಯಾಸಿನದಲ್ಲ. ಬಹಳಷ್ಟು ದೋಷಗಳು ಯಂತ್ರದವೂ ಅಲ್ಲ. ರಿಪೇರಿಯವನನ್ನು ಕರೆಯುವ ಮೊದಲು ಮನೆಯಲ್ಲಿಯೇ ನೋಡಿಕೊಳ್ಳಬಹುದಾದ ಲಕ್ಷಣಗಳನ್ನು ಒಂದೊಂದಾಗಿ ಹೇಳುವೆವು.

ಫ್ರೀಜರಿನಲ್ಲಿ ಮಂಜು ಬೆಟ್ಟದಂತೆ ಬೆಳೆಯುವುದು ಎಲ್ಲರೂ ಕಂಡ ದೋಷ. ಹೊರಗಿನ ತೇವದ ಗಾಳಿಯು ಒಳಹೊಕ್ಕು ಅಲ್ಲಿ ಗಡ್ಡೆಗಟ್ಟುವುದೇ ಇದಕ್ಕೆ ಕಾರಣ. ದಪ್ಪ ಮಂಜು ತಂಪನ್ನು ಹೆಚ್ಚಿಸುವುದೆಂದು ಕೆಲವರು ತಿಳಿದಿರುವರು, ಅದು ತಪ್ಪು. ಮಂಜು ಕಂಬಳಿಯಂತೆ ತಂಪನ್ನು ಒಳಗೇ ತಡೆದು, ಯಂತ್ರಕ್ಕೆ ಹೆಚ್ಚಿನ ದುಡಿತವನ್ನು ತರುವುದು. ಅರ್ಧ ಸೆಂಟಿಮೀಟರಿನಷ್ಟು ಕಟ್ಟುತ್ತಲೇ ವಿದ್ಯುತ್ತನ್ನು ಬಂದುಮಾಡಿ, ಬಾಗಿಲು ತೆರೆದಿಟ್ಟು, ತಾನಾಗಿ ಕರಗಲು ಬಿಡಬೇಕು. ಅವಸರವಿದ್ದರೆ ಬಿಸಿನೀರಿನ ಪಾತ್ರೆಯನ್ನು ಒಳಗಿಡಬಹುದು. ಚಾಕು, ಸೌಟು, ಸ್ಕ್ರೂಡ್ರೈವರುಗಳನ್ನು ಮಾತ್ರ ಎಂದಿಗೂ ಆಡಿಸತಕ್ಕದ್ದಲ್ಲ. ನಮ್ಮ ಮನೆಯ ಗೀರನ್ನು ವಾಚಕರು ನೆನಪಿನಲ್ಲಿಡಲಿ.

ಮಂಜು ಬೇಗಬೇಗನೆ ಕಟ್ಟುತ್ತಿದ್ದರೆ ಬಾಗಿಲಿನ ಸುತ್ತಲಿನ ರಬ್ಬರನ್ನು ಪರೀಕ್ಷಿಸಬೇಕು. ಹತ್ತು ರೂಪಾಯಿಯ ನೋಟೊಂದನ್ನು ಅರ್ಧ ಒಳಗೆ, ಅರ್ಧ ಹೊರಗೆ ಇರುವಂತೆ ಬಾಗಿಲಿಗೆ ಸಿಕ್ಕಿಸಿ ಮುಚ್ಚಿರಿ. ಎಳೆದಾಗ ತುಸು ಬಿಗಿಯಾಗಿ ಬಂದರೆ ರಬ್ಬರು ನೆಟ್ಟಗಿದೆ. ಜಾರಿ ಬಂದರೆ ಅಲ್ಲಿ ಗಾಳಿ ನುಗ್ಗುತ್ತಿದೆ. ಎಷ್ಟೋ ಸಲ ರಬ್ಬರಿನ ಮಡಿಕೆಯಲ್ಲಿ ಕುಳಿತ ಜಿಡ್ಡೇ ಇದಕ್ಕೆ ಕಾರಣವಾಗಿರುವುದು. ಉಗುರುಬೆಚ್ಚಗಿನ ಸಾಬೂನುನೀರಿನಲ್ಲಿ ಅರಿವೆಯನ್ನದ್ದಿ ಒರೆಸಿದರೆ ಖರ್ಚಿಲ್ಲದೆ ರೋಗ ವಾಸಿಯಾಗುವುದು. ಹರಿದಿದ್ದರೆ ರಬ್ಬರನ್ನಷ್ಟೇ ಬದಲಿಸಿದರಾಯಿತು.

ಮಂಜು ತಾನಾಗಿ ಕರಗುವ ಹೊಸ ಬಗೆಯ ಫ್ರಿಜ್ಜುಗಳಲ್ಲಿ ಬೇರೊಂದು ದೋಷ ಕಾಣುವುದು. ಮೇಲೆ ಫ್ರೀಜರಿನಲ್ಲಿ ಗಡ್ಡೆ ಇರುವುದು, ಕೆಳಗೆ ಮೊಸರು ಹುಳಿಯಾಗುವುದು. ಗಂಗಾವತಿಯ ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಹೀಗಾದಾಗ ಕಂಪ್ರೆಸರನ್ನೇ ಬದಲಿಸಬೇಕೆಂಬ ಸಲಹೆ ಬಂದಿತ್ತು. ಆದರೆ ಫ್ರೀಜರು ತಂಪಾಗಿದೆಯೆಂದ ಮೇಲೆ ಕಂಪ್ರೆಸರು ಜೀವಂತವಾಗಿಯೇ ಇರಬೇಕಲ್ಲವೇ? ಇಂಥ ಪೆಟ್ಟಿಗೆಗಳಲ್ಲಿ ಮೇಲಿನ ತಂಪನ್ನು ಒಂದು ಸಣ್ಣ ಪಂಖವು ಕೆಳಕ್ಕೆ ಊದುವುದು. ಮಂಜು ಕರಗಿಸುವ ಹೀಟರೋ ಅದರ ಸೆನ್ಸರೋ ಕೆಟ್ಟರೆ ಗಾಳಿಯ ದಾರಿಯು ಗಡ್ಡೆಯಿಂದ ಮುಚ್ಚಿಹೋಗುವುದು. ಎಲ್ಲವನ್ನೂ ಹೊರತೆಗೆದು, ಬಾಗಿಲು ತೆರೆದಿಟ್ಟು, ಒಂದು ಹಗಲು ಒಂದು ರಾತ್ರಿ ಯಂತ್ರವನ್ನು ಬಂದುಮಾಡಿರಿ. ಆ ಬಳಿಕ ಕೆಲವು ದಿನ ಚೆನ್ನಾಗಿ ನಡೆದು ಮತ್ತೆ ಅದೇ ದೋಷ ಮರಳಿದರೆ, ಮಂಜು ಕರಗಿಸುವ ಭಾಗಗಳದೇ ತಪ್ಪೆಂದು ಬಹುಮಟ್ಟಿಗೆ ನಂಬಬಹುದು. ಬಂಧುಗಳ ಮನೆಯಲ್ಲಿ ಹಾಗೆಯೇ ಆಯಿತು. ಕಂಪ್ರೆಸರಿನ ಖರ್ಚು ಉಳಿಯಿತು.

ಯಂತ್ರವು ಬಿಡುವಿಲ್ಲದೆ ಓಡುತ್ತಿದ್ದರೂ ತಂಪು ಸಾಲದಿದ್ದರೆ ಮೊದಲು ಅದರ ಸ್ಥಳವನ್ನು ನೋಡಬೇಕು. ಯಲಬುರ್ಗಾ ಕಡೆಯ ಒಂದು ಹಳ್ಳಿಯ ಅಂಗಡಿಯಲ್ಲಿ ಡೀಪ್ ಫ್ರೀಜರನ್ನು ತಗಡಿನ ಮಾಡದ ಕೆಳಗೆ, ಗೋಡೆಗೆ ಒತ್ತಿ, ಪಡುವಣ ಬಿಸಿಲು ಬೀಳುವಲ್ಲಿ ಇರಿಸಿದುದನ್ನು ಕಂಡೆವು. ಒಳಗಿನ ಶಾಖವನ್ನು ಹೊರಗೆ ಚೆಲ್ಲುವುದೇ ಈ ಯಂತ್ರದ ಕೆಲಸ. ಹೊರಗೇ ಬೆಂಕಿಯಂಥ ಗಾಳಿಯಿದ್ದರೆ ಅದು ಎಲ್ಲಿ ಚೆಲ್ಲಬೇಕು? ಗೋಡೆಗೂ ಪೆಟ್ಟಿಗೆಗೂ ನಡುವೆ ಗೇಣಿನಷ್ಟು ಜಾಗವಿರಲಿ. ಒಲೆಯ ಬದಿಯೂ ಬಿಸಿಲಿನ ಕಿಟಕಿಯೂ ದೂರವಿರಲಿ. ಹಿಂಬದಿಯಲ್ಲಿ ಜಾಳಿಗೆಯಂಥ ಕೊಳವೆಗಳಿದ್ದರೆ, ವಿದ್ಯುತ್ತನ್ನು ತೆಗೆದು, ವರುಷಕ್ಕೆರಡು ಸಲವಾದರೂ ಮೆತ್ತನೆಯ ಬ್ರಶ್ಶಿನಿಂದ ಧೂಳನ್ನು ಝಾಡಿಸಬೇಕು. ಸುಗ್ಗಿಯ ಕಾಲದ ಹೊಟ್ಟೂ ಧೂಳೂ ಸೇರಿ ಅಲ್ಲಿ ದಪ್ಪನೆಯ ಪದರ ಕಟ್ಟುವುದು. ಕೊಳವೆಗಳು ಕಾಣದ ಹೊಸ ಪೆಟ್ಟಿಗೆಗಳಲ್ಲಿ ಅವು ಪಕ್ಕದ ತಗಡುಗಳೊಳಗೆ ಇರುವುವು. ಆದುದರಿಂದ ಪಕ್ಕವು ಬೆಚ್ಚಗಾದರೆ ಅದನ್ನು ರೋಗವೆಂದು ಭಾವಿಸಬಾರದು.

ಹೊಸದನ್ನು ಕೊಳ್ಳುವವರು ಇನ್ನೊಂದು ಗುರುತನ್ನು ನೋಡಿಕೊಳ್ಳಲಿ. ಪೆಟ್ಟಿಗೆಯ ಚೀಟಿಯಲ್ಲಿ ಹವೆಯ ವರ್ಗವನ್ನು ಇಂಗ್ಲಿಷ್ ಅಕ್ಷರಗಳಿಂದ ಸೂಚಿಸಿರುವರು. ‘ಎನ್’ ಎಂದಿದ್ದರೆ ಅದು ೩೨ ಡಿಗ್ರಿಯ ವರೆಗಿನ ಹವೆಗೂ, ‘ಎಸ್‌ಟಿ’ ಎಂದಿದ್ದರೆ ೩೮ ಡಿಗ್ರಿಗೂ, ‘ಟಿ’ ಎಂದಿದ್ದರೆ ೪೩ ಡಿಗ್ರಿಗೂ ತಕ್ಕುದು. ನಮ್ಮ ಸೀಮೆಯ ಬೇಸಗೆಗೆ ಕೊನೆಯದೇ ಯೋಗ್ಯವೆಂದು ಬೇರೆ ಹೇಳಬೇಕಾದುದಿಲ್ಲ.

ಓಟವಿದ್ದೂ ತಂಪಿಲ್ಲ, ಸ್ಥಳವೂ ನೆಟ್ಟಗಿದೆ, ಧೂಳೂ ಇಲ್ಲ, ಫ್ರೀಜರಿನ ಒಂದೇ ಮೂಲೆಯಲ್ಲಿ ಮಂಜು ಕಟ್ಟಿ ಉಳಿದೆಡೆ ಒಣಗಿದೆ—ಹೀಗಿದ್ದರೆ ಮಾತ್ರ ಗ್ಯಾಸು ಕಡಿಮೆಯಾಗಿರುವ ಸಂಶಯಕ್ಕೆ ಎಡೆಯುಂಟು.

ವಿದ್ಯುತ್ತಿನ ಏರಿಳಿತ

ಕುಷ್ಟಗಿಯ ಪರಿಚಿತರೊಬ್ಬರ ಮನೆಯಲ್ಲಿ ಫ್ರಿಜ್ಜು ಸಂಜೆಯಾಗುತ್ತಲೇ ಟಿಕ್ಕೆಂದು ಸದ್ದುಮಾಡಿ ನಿಲ್ಲುತ್ತಿದ್ದಿತು; ಕೆಲವು ನಿಮಿಷಗಳ ಮೇಲೆ ಮತ್ತೆ ಟಿಕ್ಕೆನ್ನುತ್ತಿದ್ದಿತು; ಓಡುತ್ತಿರಲಿಲ್ಲ. ಮನೆಯ ದೀಪಗಳೂ ಆ ಹೊತ್ತಿಗೆ ಮಂಕಾಗುತ್ತಿದ್ದುವು. ನಮ್ಮ ಮನೆಗಳಿಗೆ ಬರಬೇಕಾದ ವಿದ್ಯುತ್ತು ೨೩೦ ವೋಲ್ಟು. ಅದು ಬಹಳ ಇಳಿದಾಗ ಕಂಪ್ರೆಸರಿಗೆ ಏಳಲು ಬಲ ಸಾಲದೆ, ಒಳಗಿನ ತಂತಿಯ ಸುರುಳಿ ಕಾಯುವುದು. ಆಗ ರಕ್ಷಣೆಗಾಗಿ ಇಟ್ಟ ಸಣ್ಣ ಸಾಧನವು ಟಿಕ್ಕೆಂದು ಅದನ್ನು ನಿಲ್ಲಿಸುವುದು. ಇದು ಯಂತ್ರವು ಕೆಟ್ಟ ಸದ್ದಲ್ಲ, ತನ್ನನ್ನು ತಾನು ಕಾಪಾಡಿಕೊಳ್ಳುವ ಸದ್ದು. ಇಂಥ ಮನೆಗಳಿಗೆ ಸ್ಟೆಬಿಲೈಜರು ಅವಶ್ಯ. ವೋಲ್ಟಿನ ದೋಷವು ನಿತ್ಯದ್ದಾದರೆ ಜೆಸ್ಕಾಂ ಕಂಪನಿಗೆ ೧೯೧೨ ಎಂಬ ಸಂಖ್ಯೆಗೆ ದೂರವಾಣಿಯ ಮೂಲಕ ದೂರನ್ನು ಕೊಟ್ಟು, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು.

ವೋಲ್ಟು ಸರಿಯಿದ್ದೂ ಟಿಕ್‌ಟಿಕ್ಕೆಂಬ ಸದ್ದು ನಿಲ್ಲದಿದ್ದರೆ, ಕಂಪ್ರೆಸರಿಗೆ ಚಾಲನೆ ಕೊಡುವ ರಿಲೇ ಎಂಬ ಸಣ್ಣ ಭಾಗವು ಸುಟ್ಟಿರಬಹುದು. ರಿಲೇಯ ಬೆಲೆ ಕೆಲವು ನೂರುಗಳಲ್ಲಿ, ಕಂಪ್ರೆಸರಿನ ಬೆಲೆ ಕೆಲವು ಸಾವಿರಗಳಲ್ಲಿ. ಪ್ರಾಮಾಣಿಕನಾದ ಮೆಕ್ಯಾನಿಕನು ಮೊದಲು ರಿಲೇಯನ್ನು ಪರೀಕ್ಷಿಸದೆ ಕಂಪ್ರೆಸರಿನ ಮಾತನ್ನೆತ್ತನು.

ವಿದ್ಯುತ್ತು ಹೋಗಿ ಮರಳಿದ ಕೂಡಲೇ ಫ್ರಿಜ್ಜನ್ನು ಹಚ್ಚುವುದೂ ಒಳ್ಳೆಯದಲ್ಲ. ನಿಂತ ಯಂತ್ರದೊಳಗಿನ ಒತ್ತಡವು ಸಮವಾಗಲು ಮೂರರಿಂದ ಐದು ನಿಮಿಷ ಬೇಕು. ಇನ್ನು ಪೆಟ್ಟಿಗೆಯನ್ನು ಮುಟ್ಟಿದಾಗ ಕೈಗೆ ಜುಮ್ಮೆಂದು ಹೊಡೆದರೆ ಒಂದು ಕ್ಷಣವೂ ತಡೆಯಬೇಡಿರಿ. ಮೇನ್ ಸ್ವಿಚ್ಚನ್ನು ಬಂದುಮಾಡಿ, ಪ್ಲಗ್ಗನ್ನು ಕಿತ್ತು, ವೈರ್‌ಮನ್ನನಿಂದ ಅರ್ಥಿಂಗನ್ನು ನೋಡಿಸದೆ ಮತ್ತೆ ಹಚ್ಚಬೇಡಿರಿ. ಮೂರು ಕಾಲಿನ ಪ್ಲಗ್ಗಿನ ಮೇಲಿನ ದಪ್ಪ ಕಾಲನ್ನು ಮುರಿದು ಎರಡು ತೂತಿನ ಸಾಕೆಟ್ಟಿಗೆ ಸಿಕ್ಕಿಸುವ ಚಾಳಿಯು ಕೆಲವೆಡೆ ಉಂಟು. ಒದ್ದೆ ನೆಲದ ಅಡಿಗೆಮನೆಯಲ್ಲಿ ಅದು ಪ್ರಾಣಕ್ಕೆ ಎರವಾಗತಕ್ಕ ಕೆಲಸ.

ಪೆಟ್ಟಿಗೆ ನಿಂತಾಗ ಆಹಾರದ ಗತಿ

ಫ್ರೀಜರಿನ ಒಳಗೆ ಸೊನ್ನೆಗಿಂತ ೧೮ ಡಿಗ್ರಿ ಕೆಳಗೂ, ಕೆಳಭಾಗದಲ್ಲಿ ೪ ಡಿಗ್ರಿಯ ಆಸುಪಾಸೂ ಇರುವುದು ಯೋಗ್ಯ. ವಿದ್ಯುತ್ತು ಹೋದಾಗ ಬಾಗಿಲನ್ನು ಪದೇಪದೇ ತೆರೆದು ನೋಡುವುದೇ ದೊಡ್ಡ ತಪ್ಪು. ಮುಚ್ಚಿಟ್ಟರೆ ತುಂಬಿದ ಫ್ರೀಜರು ಸುಮಾರು ೪೮ ಗಂಟೆ, ಅರ್ಧ ತುಂಬಿದ್ದು ೨೪ ಗಂಟೆ ತಂಪನ್ನು ಹಿಡಿದಿಡುವುದು. ಕೆಳಭಾಗವು ೪ ಗಂಟೆ ಮಾತ್ರ. ಆದುದರಿಂದ ಫ್ರೀಜರಿನಲ್ಲಿ ಖಾಲಿ ಜಾಗವಿದ್ದರೆ ನೀರಿನ ಬಾಟಲಿಗಳನ್ನು, ಗಡ್ಡೆಯಾಗುವಾಗ ನೀರು ಉಬ್ಬಲು ತುಸು ಎಡೆಬಿಟ್ಟು, ತುಂಬಿಡುವುದು ಜಾಣತನ.

ಊರಿಗೆ ಹೋಗಿ ಬಂದವರಿಗೆ ಒಂದು ಸುಲಭೋಪಾಯವುಂಟು. ಬಟ್ಟಲಲ್ಲಿ ನೀರನ್ನು ಗಡ್ಡೆ ಕಟ್ಟಿಸಿ, ಅದರ ಮೇಲೆ ಒಂದು ರೂಪಾಯಿಯ ನಾಣ್ಯವನ್ನಿಟ್ಟು ಹೋಗಬೇಕು. ಬಂದು ನೋಡಿದಾಗ ನಾಣ್ಯವು ಮೇಲೆಯೇ ಇದ್ದರೆ ಚಿಂತೆಯಿಲ್ಲ. ತಳಕ್ಕಿಳಿದು ಗಡ್ಡೆಯೊಳಗೆ ಸಿಕ್ಕಿದ್ದರೆ, ನಡುವೆ ಎಲ್ಲವೂ ಕರಗಿ ಮತ್ತೆ ಹೆಪ್ಪುಗಟ್ಟಿದೆಯೆಂದು ತಿಳಿದು, ಒಳಗಿನ ಮಾಂಸ, ಮೀನು, ಹಾಲಿನ ಪದಾರ್ಥಗಳನ್ನು ಚೆಲ್ಲಿಬಿಡಬೇಕು. ವಾಸನೆ ಬಂದಿಲ್ಲವೆಂದು ಧೈರ್ಯ ಮಾಡಬಾರದು. ಹೊಟ್ಟೆ ಕೆಡಿಸುವ ಎಲ್ಲ ಕ್ರಿಮಿಗಳೂ ವಾಸನೆಯಿಂದ ಗೊತ್ತಾಗುವುದಿಲ್ಲ.

ಇನ್ಸುಲಿನ್ ಇಡುವ ಮನೆಗಳವರು ಹೆಚ್ಚು ಎಚ್ಚರದಿಂದಿರಬೇಕು. ತೆರೆಯದ ಸೀಸೆಗಳಿಗೆ ೨ರಿಂದ ೮ ಡಿಗ್ರಿಯ ತಂಪು ಬೇಕು. ಅವು ಬಿಸಿಯಾಗಲೂಬಾರದು, ಹೆಪ್ಪುಗಟ್ಟಲೂಬಾರದು. ಆದುದರಿಂದ ಅವುಗಳನ್ನು ಫ್ರೀಜರಿನಲ್ಲಾಗಲಿ ಅದಕ್ಕೆ ತಗುಲುವಂತಾಗಲಿ ಇಡತಕ್ಕದ್ದಲ್ಲ. ಒಮ್ಮೆ ಹೆಪ್ಪುಗಟ್ಟಿದ ಮದ್ದು ಕರಗಿದ ಮೇಲೆಯೂ ಉಪಯೋಗಕ್ಕೆ ಬಾರದು. ಸಣ್ಣ ಉಷ್ಣಮಾಪಕವೊಂದನ್ನು ಒಳಗಿಟ್ಟು ದಿನಕ್ಕೊಮ್ಮೆ ನೋಡಿದರೆ ನಮಗಾದ ಮೋಸವು ನಿಮಗಾಗದು. ಒಳಗಿನ ದೀಪವನ್ನು ನಂಬಬೇಡಿರಿ.

ಪೆಟ್ಟಿಗೆಯು ಕೆಟ್ಟ ದಿನಗಳಲ್ಲಿ ನಾವು ಮಾಡಿದ ಉಪಾಯ ಹೀಗಿದೆ. ದೊಡ್ಡ ಮಣ್ಣಿನ ಗಡಿಗೆಯೊಳಗೆ ಚಿಕ್ಕ ಗಡಿಗೆಯನ್ನಿಟ್ಟು, ನಡುವೆ ಉಸುಕನ್ನು ತುಂಬಿ, ಅದನ್ನು ನೀರಿನಿಂದ ತೋಯಿಸಿದೆವು. ಮದ್ದನ್ನು ಬಿಗಿಯಾದ ಡಬ್ಬಿಯಲ್ಲಿ ಹಾಕಿ ಒಳಗಡಿಗೆಯಲ್ಲಿರಿಸಿ, ಒದ್ದೆ ಅರಿವೆಯನ್ನು ಮುಚ್ಚಿ, ಗಾಳಿಯಾಡುವ ನೆರಳಿನಲ್ಲಿ ಇಟ್ಟೆವು. ನಮ್ಮ ಸೀಮೆಯ ಒಣಹವೆಯಲ್ಲಿ ಇದು ಹೊರಗಿಗಿಂತ ಎಷ್ಟೋ ತಂಪು. ಇದು ಫ್ರಿಜ್ಜಿಗೆ ಸಮವಲ್ಲ. ಆದರೆ ಬಳಕೆಯಲ್ಲಿರುವ ಸೀಸೆಯನ್ನು ಕೆಲದಿನ ಕಾಪಾಡಲು ಸಹಾಯವಾಗುವುದು. ಸೀಸೆಯ ಮೇಲಿನ ಸೂಚನೆಯನ್ನು ಓದಿ, ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ರಿಪೇರಿಯವರೊಡನೆ ವ್ಯವಹಾರ

ರಿಪೇರಿಯವರೆಲ್ಲರೂ ಮೋಸಗಾರರೆಂದು ನಾವು ಹೇಳುವವರಲ್ಲ. ಸುಡುಬಿಸಿಲಿನಲ್ಲಿ ಮೋಟಾರುಸೈಕಲಿನ ಮೇಲೆ ಸಿಲಿಂಡರನ್ನೂ ಸಾಮಾನುಗಳನ್ನೂ ಹೇರಿಕೊಂಡು ಹಳ್ಳಿಹಳ್ಳಿಗೆ ಅಲೆಯುವ ಅವರ ದುಡಿಮೆಯು ಸಾಮಾನ್ಯವಾದುದಲ್ಲ. ಬಂದು ನೋಡಿದುದಕ್ಕೆ ಅವರು ಕೇಳುವ ಯೋಗ್ಯ ಕೂಲಿಯನ್ನು ಚೌಕಾಸಿ ಮಾಡದೆ ಕೊಡಬೇಕು. ಆ ಕೂಲಿಯನ್ನು ನಿರಾಕರಿಸುವುದರಿಂದಲೇ ಕೆಲವರು ಇಲ್ಲದ ರೋಗವನ್ನು ಹೇಳಿ ಹೊಟ್ಟೆ ಹೊರೆಯುವಂತಾಗುವುದು.

ಗ್ಯಾಸು ಸೋರಿದ್ದು ನಿಶ್ಚಯವಾದರೆ ಕೆಲಸವು ಈ ಕ್ರಮದಲ್ಲಿ ನಡೆಯಬೇಕು. ಕೊಳವೆಗಳಲ್ಲಿ ನೈಟ್ರೋಜನ್ನನ್ನು ಒತ್ತಿ, ಸಾಬೂನುನೊರೆಯಿಂದ ಸೋರುವ ಸ್ಥಳವನ್ನು ಕಂಡುಹಿಡಿಯಬೇಕು. ಆ ಸ್ಥಳವನ್ನು ಬೆಸೆಯಬೇಕು, ಇಲ್ಲವೆ ಆ ಭಾಗವನ್ನೇ ಬದಲಿಸಬೇಕು. ತೇವವನ್ನು ಹೀರುವ ಫಿಲ್ಟರನ್ನು ಹೊಸದಾಗಿ ಹಾಕಬೇಕು. ವ್ಯಾಕ್ಯೂಮ್ ಪಂಪಿನಿಂದ ಕೊಳವೆಯೊಳಗಿನ ಗಾಳಿಯನ್ನೂ ತೇವವನ್ನೂ ಪೂರ್ಣವಾಗಿ ಎಳೆದು ತೆಗೆಯಬೇಕು. ಕೊನೆಗೆ ಪೆಟ್ಟಿಗೆಯ ಚೀಟಿಯಲ್ಲಿ ಬರೆದ ಗ್ಯಾಸನ್ನೇ, ಬರೆದಷ್ಟೇ ಗ್ರಾಮು ತೂಗಿ ತುಂಬಬೇಕು. ಅಂದಾಜಿನಿಂದ ತುಂಬುವುದು, ಒಂದರ ಬದಲು ಇನ್ನೊಂದನ್ನು ತುಂಬುವುದು ಎರಡೂ ಸಲ್ಲವು. ಚೀಟಿಯಲ್ಲಿ ‘ಆರ್ ೬೦೦ ಎ’ ಎಂದಿದ್ದರೆ ಅದು ಹೊತ್ತಿಕೊಳ್ಳುವ ಐಸೊಬ್ಯುಟೇನ್; ಕಿಟಕಿ ಬಾಗಿಲುಗಳನ್ನು ತೆರೆದು, ಒಲೆಯನ್ನೂ ದೇವರ ದೀಪವನ್ನೂ ಆರಿಸಿ, ಮಕ್ಕಳನ್ನು ದೂರವಿರಿಸಿದ ಮೇಲೆಯೇ ಕೆಲಸಕ್ಕೆ ಕೈಹಾಕಗೊಡಬೇಕು.

ಕೆಲಸಕ್ಕೆ ಮುನ್ನ ದೋಷವೇನು, ಭಾಗದ ಬೆಲೆಯೆಷ್ಟು, ಕೂಲಿಯೆಷ್ಟು ಎಂಬುದನ್ನು ಬರೆಯಿಸಿಕೊಳ್ಳಬೇಕು. ತೆಗೆದ ಹಳೆಯ ಭಾಗವನ್ನು ಕೇಳಿ ನೋಡಬೇಕು. ಹಲವು ಕಂಪನಿಗಳು ಕಂಪ್ರೆಸರಿಗೆ ಹತ್ತು ವರುಷಗಳ ವಾರಂಟಿ ಕೊಡುವುದುಂಟು. ಕೊಂಡ ದಿನದ ಬಿಲ್ಲನ್ನು ಜೋಪಾನವಾಗಿ ಇಟ್ಟಿದ್ದರೆ ಅದರ ಪ್ರಯೋಜನ ದೊರೆಯುವುದು. ಆದರೆ ಗ್ಯಾಸಿನ ಖರ್ಚೂ ಕೂಲಿಯೂ ಅದರಲ್ಲಿ ಸೇರಿವೆಯೋ ಇಲ್ಲವೋ ಓದಿಕೊಳ್ಳಬೇಕು.

ಕೆಲಸವಾದ ಬಳಿಕ ರಸೀದಿಯನ್ನು ತಪ್ಪದೆ ಪಡೆಯತಕ್ಕದ್ದು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಮಾಡಿದ ಸೇವೆಗೆ ಬಿಲ್ಲು ಕೊಡದಿರುವುದೂ ಅನ್ಯಾಯದ ವ್ಯಾಪಾರವೇ. ಮೊದಲು ೧೯೧೫ ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರನ್ನು ತಿಳಿಸಬಹುದು. ಅಲ್ಲಿಯೂ ನ್ಯಾಯ ದೊರೆಯದಿದ್ದರೆ ಎರಡು ವರುಷಗಳೊಳಗಾಗಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ಕೊಡಬಹುದು. ಕೊಟ್ಟ ಹಣವು ಐದು ಲಕ್ಷ ರೂಪಾಯಿಗಳೊಳಗಿನದಾದರೆ ಅರ್ಜಿಗೆ ಶುಲ್ಕವಿಲ್ಲ. ತಾನು ವಾಸಿಸುವ ಜಿಲ್ಲೆಯಲ್ಲಿಯೇ ಕೊಡಲು ಕಾಯಿದೆಯಲ್ಲಿ ಅವಕಾಶವಿದೆ. ಇವೆಲ್ಲಕ್ಕೂ ಆಧಾರವು ಆ ಸಣ್ಣ ರಸೀದಿಯೇ. ನಮ್ಮ ಕೈಯಲ್ಲಿ ಅದು ಇರಲಿಲ್ಲ; ಆದುದರಿಂದ ಎರಡು ಸಲ ತುಂಬಿದ ಗ್ಯಾಸಿನ ಹಣವು ಗ್ಯಾಸಿನೊಡನೆಯೇ ಹೋಯಿತು.

ಈಗ ನ��್ಮ ಫ್ರಿಜ್ಜು ಗೋಡೆಯಿಂದ ಗೇಣು ದೂರದಲ್ಲಿ, ಒಲೆಗೆ ಬೆನ್ನು ತಿರುಗಿಸಿ, ಸುಖವಾಗಿ ನಡೆದಿದೆ. ಒಳಗೊಂದು ಉಷ್ಣಮಾಪಕವಿದೆ, ಅಡಿಗೆಮನೆಯ ಚಾಕುಗಳಿಗೆ ಅತ್ತ ಸುಳಿಯಲು ಅಪ್ಪಣೆಯಿಲ್ಲ. ಅದರ ಮಗ್ಗುಲಲ್ಲಿಯೇ ತಾಯಿಯವರ ಹರವಿಯೂ ಇದೆ. ಅದಕ್ಕೆ ಅವರು ಪ್ರತಿ ಬೆಳಿಗ್ಗೆ ನೀರು ತುಂಬುವರು. ಫ್ರಿಜ್ಜಿಗೆ ಅಂದಿನಿಂದ ಯಾರೂ ಏನನ್ನೂ ತುಂಬಿಲ್ಲ.